ಹನ್ನೊಂದು ವರ್ಷ ಏಳು ತಿಂಗಳು

ನಾನು ಬರೆದ ಒಂದೂವರೆ ಪುಟದ ಕಾಗದ ಓದಿ ಹೇಗ್ ಪಟ್ಟಣದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಹದಿನೆಂಟೂ ಮಂದಿ ನ್ಯಾಯಾಧೀಶರು ಕುರ್ಚಿ ಬಿಟ್ಟು ಎದ್ದು ನಿಂತರು. ಮೂವರು ಕಣ್ಣೊರೆಸಿಕೊಂಡರು. ಒಬ್ಬ ಹೆಣ್ಣುಮಗಳು ಜಡ್ಜ್, "ಈ ರೋಣ ಎಂಬ ಊರಿನಲ್ಲಿ ವಿಮಾನ ಇಳಿಯುತ್ತದೆಯೇ? ಬರೆದ ಕೈಯನ್ನು ಒಮ್ಮೆ ನೋಡಬೇಕಾಗಿತ್ತು" ಎಂದು ವಿಚಾರಿಸಿದರಂತೆ. ಇಳಿಯುವುದಿಲ್ಲ, ಗದಗಿನಿಂದ ಬಸ್ಸಿದೆ ಎಂದು ತಿಳಿಸಿದ ಮೇಲೆ ಸುಮ್ಮನಾದರು.

ಆ ಕಾಗದಕ್ಕೆ ಕಾರಣಳಾದ ಅನಘಾ ಇಳಿದು ಬಂದದ್ದೂ ಆ ಗದಗಿನ ಬಸ್ಸಿನಿಂದಲೇ. ಕಡಲೆ ಸುಗ್ಗಿಯ ದಿನ. ತಹಶೀಲ್ದಾರ ಕಚೇರಿಯ ಎದುರಿನ ತಗಡಿನ ನೆರಳಿನಲ್ಲಿ ನಾನು ಅರ್ಜಿ ಬರೆದುಕೊಡುವ ಟೇಬಲ್ಲು. ಲಕ್ಕಲಕಟ್ಟಿಯವನೊಬ್ಬ ಸಿಡಿಲು ಬಡಿದು ಕುರಿ ಸತ್ತದ್ದಕ್ಕೆ ಪರಿಹಾರ ಕೇಳಲು ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಒಂದ ಕುರಿ ಸತ್ತೈತ್ರಿ."

"ಒಂದ ಕುರಿಗೆ ಯಾವ ಸಾಹೇಬ ಕುರ್ಚಿ ಬಿಟ್ಟು ಏಳ್ತಾನೋ? ಏಳು ಅಂತ ಬರಿತೀನಿ. ಅದರಾಗ ನಾಕು ಗಬ್ಬ ಇದ್ದುವು."

"ನಂದು ಟಗರರೀ."

"ಹಂಗಾರ ಮೂರು ಗಬ್ಬ."

ಸಂಖ್ಯೆಯ ವಿದ್ಯೆ ಇಡೀ ಜಿಲ್ಲೆಯಲ್ಲಿ ನನಗೊಬ್ಬನಿಗೇ ಗೊತ್ತು. ಹತ್ತು ಎಂದು ಬರೆದರೆ ಓದುವವನು ನಂಬುವುದಿಲ್ಲ. ಅಂದಾಜು ಹೊಡೆದಿದ್ದಾನೆ ಅನ್ನುತ್ತಾನೆ. ಏಳು, ಹನ್ನೊಂದು ಎಂದು ಬರೆದರೆ ಎಣಿಸಿ ಬರೆದಿದ್ದಾನೆ ಎಂದು ಸಹಿ ಹಾಕುತ್ತಾನೆ. ನಲವತ್ತು ವರ್ಷದಲ್ಲಿ ನಾನು ಬರೆದ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟರೆ ಗಜೇಂದ್ರಗಡದ ಗುಡ್ಡಕ್ಕಿಂತ ಎರಡು ಮೊಳ ಎತ್ತರವಾದೀತು.

"ಅಂದಾನೆಪ್ಪ ಕಾಕಾ, ಇನ್ನೂ ಬದಲಾಗಿಲ್ಲ ನೀವು," ಎಂದಳು ಅನಘಾ. ಕನ್ನಡ ಸಾಲಿಯ ಲೀಲಾಬಾಯಿ ಟೀಚರ ಮಗಳು. ಈಗ ಧಾರವಾಡದಲ್ಲಿ ಕಾನೂನು ಕಲಿಸುತ್ತಾಳೆ. ಅವ್ವನ ಪಿಂಚಣಿಯ ಅರ್ಜಿ ಬರೆಸಲು ಬಂದಾಗ ಇದೇ ಬೆಂಚಿನ ಮೇಲೆ ಕೂತು ಪೇರಲ ಹಣ್ಣು ತಿಂದ ಹುಡುಗಿ.

"ಬಾರವಾ. ಏನ್, ಧಾರವಾಡದಾಗ ಅರ್ಜಿ ಬರಿಯೋರು ತೀರಿಹೋದ್ರೇನು?"

ಅವಳು ನಗಲಿಲ್ಲ. "ಗಜೇಂದ್ರಗಡದ ಮೆಹಬೂಬಸುಭಾನಿ ಮನಿಗೆ ಹೋಗಬೇಕಾಗ್ಯದ. ನಿಮಗ ಅವರು ಭಾಳ ಬೇಕಾದವರಂತ. ನೀವು ಜೊತಿಗೆ ಬಂದ್ರ ಅವರು ಮಾತಾಡ್ಯಾರು."

ಸುಭಾನಿಯ ಹೆಸರು ಕೇಳಿ ನಾನು ಪೆನ್ನು ಕೆಳಗಿಟ್ಟೆ. ಪಿಂಜಾರ ಮೌಲಾಸಾಬನ ಮಗ. ಆಫ್ರಿಕಾದ ಒಂದು ದೇಶದಲ್ಲಿ, ಹಸಿದ ಊರುಗಳಿಗೆ ಹಿಟ್ಟು ಒಯ್ಯುವ ಲಾರಿ ಓಡಿಸಲು ಹೋಗಿದ್ದ. ಎರಡು ವರ್ಷದ ಹಿಂದೆ ದಾರಿಯಲ್ಲಿ ಬಂದೂಕಿನವರು ಅಡ್ಡಗಟ್ಟಿ ಆರು ಮಂದಿ ಚಾಲಕರನ್ನು ಇಳಿಸಿ ಸಾಲಾಗಿ ನಿಲ್ಲಿಸಿ ಹೊಡೆದರು. ಸುಭಾನಿಯ ಪೆಟ್ಟಿಗೆ ಬಂದ ದಿನ ಅದಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

"ಹೊಡಿಸಿದಾಂವ ಸಿಕ್ಕಾನ ಕಾಕಾ. ಹೇಗ್‌ನ್ಯಾಗ ಖಟ್ಲೆ ನಡದದ. ಅಲ್ಲಿ ಒಂದು ಪದ್ಧತಿ ಅದ. ವಾದಿ ಕಡೆನೂ ಅಲ್ಲ, ಪ್ರತಿವಾದಿ ಕಡೆನೂ ಅಲ್ಲ, ಆ ವಿಷಯ ಓದಿ ತಿಳದವರು ಪರವಾನಿಗಿ ತಗೊಂಡು ತಮ್ಮ ವಿಚಾರ ಬರದು ಕೊಡಬಹುದು. ಅವರಿಗೆ ನ್ಯಾಯಾಲಯದ ಮಿತ್ರ ಅಂತಾರ. ನಾವು ನಾಲ್ಕು ಮಂದಿ ಮಾಸ್ತರು ಕೇಳಿದ್ವಿ, ಕೊಟ್ಟಾರ. ಮೂವತ್ತು ಪುಟ, ಸೋಮವಾರದೊಳಗ."

"ನಲವತ್ತು ವರ್ಷದಿಂದ ಕೋರ್ಟಿನ ಮಿತ್ರ ನಾನು! ಸಿಪಾಯಿಯಿಂದ ಜಡ್ಜ್‌ತನಕ ನನ್ನ ಚಹಾ ಕುಡೀದವರು ಯಾರದಾರ? ನನ್ನನ್ನ ಯಾಕ ಕರೀಲಿಲ್ಲ ಅವರು?"

"ಈ ಮಿತ್ರ ಚಹಾ ಕುಡಿಸೂಹಾಂಗಿಲ್ಲ ಕಾಕಾ. ಯಾರ ಪರಾನೂ ಇರೂಹಾಂಗಿಲ್ಲ. ಪಗಾರಕ್ಕ ಲಾರಿ ಹೊಡಿಯೋ ಡ್ರೈವರಗೂ, ಹಿಟ್ಟು ಹಂಚೋ ಸಂಸ್ಥಾದವರಿಗೂ ಒಂದ ಥರದ ರಕ್ಷಣಾ ಸಿಗಬೇಕೋ ಬ್ಯಾಡೋ ಅನ್ನೂದು ಕೋರ್ಟಿನ ಪ್ರಶ್ನಿ. ಡ್ರೈವರ್ ಅಂದ್ರ ಎಂಥಾ ಮನಶ್ಯಾ ಅಂತ ಒಂದು ಖರೇ ಜೀವನ ಇಟಗೊಂಡು ಶುರು ಮಾಡೋಣ ಅಂತ ನಮ್ಮ ವಿಚಾರ. ಮನಿಯವರು ಒಪ್ಪಿದರ." ಅವಳು ತಡೆದಳು. "ಒಂದು ತೊಡಕು ಅದ. ಆರೋಪಿ ವಕೀಲ ಏನಂತಾನಂದ್ರ, ಈ ಡ್ರೈವರಗೋಳು ಬರೇ ಡ್ರೈವರಲ್ಲ, ವೇಷ ಹಾಕಿದ ಸೈನಿಕರು ಅಂತ. ಲಾರಿ ಕಂಪನಿ ಕಡತದಾಗ ಸುಭಾನಿ ಅವರ ಮಿಲಿಟರಿ ಸರ್ಟಿಫಿಕೇಟಿನ ನಕಲು ಸಿಕ್ಕದಂತ. ಕೋರ್ಟಿನವರು ಹೊರಗ ಬಿಟ್ಟ ಕಾಗದದಾಗ ಅದನ್ನ ಕಪ್ಪು ಬಳದು ಮುಚ್ಚ್ಯಾರ. ನಿಮಗೇನರ ಗೊತ್ತದ?"

"ನನಗ? ಇಲ್ಲವಾ. ಮಿಲಿಟರಿಗೆ ಯಾವಾಗ ಹೋಗಿದ್ದನೋ ಏನೋ. ಭಾಳ ಗುಟ್ಟಿನ ಮನಶ್ಯಾ ಅಂವ."

ಲಕ್ಕಲಕಟ್ಟಿಯವನು, "ನನ್ನ ಕುರೀರಿ?" ಎಂದ. ನಾಳೆ ಬಾ ಎಂದು ಕಳಿಸಿ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಬಾಯಿ ಬಿಡುವು ಕೊಡಲಿಲ್ಲ. ನನ್ನ ಅರ್ಜಿ ಓದಿ ಮಂತ್ರಿಯೊಬ್ಬರು ಊಟ ಬಿಟ್ಟ ಕಥೆ ಹೇಳಿದೆ. ಮುಶಿಗೇರಿಯವನ ಎತ್ತಿನ ತಕರಾರಿಗೆ ನಾನು ಬರೆದ ಕಾಗದ ಕೇಳಿ ಆ ಎತ್ತೇ ತಲೆ ತಗ್ಗಿಸಿದ ಕಥೆ ಹೇಳಿದೆ. ಅನಘಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಿತ್ತು ಒಟ್ಟಿದ ಕಡಲೆಯ ಗುಪ್ಪೆಗಳು, ಬೋಳಾದ ಕರಿನೆಲ. ಹೇಗಾದರೂ ಅವಳಿಗಿಂತ ಮೊದಲು ಒಳಗೆ ಹೋಗಿ ಮೌಲಾಸಾಬನ ಕಿವಿಯಲ್ಲಿ ಒಂದು ಮಾತು ಹಾಕಬೇಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಅದಾಗಲಿಲ್ಲ. ಮೌಲಾಸಾಬ ಬಾಗಿಲಲ್ಲೇ ಕೂತು ಗಾದಿ ಹೊಲಿಯುತ್ತಿದ್ದ. ಹುಬ್ಬು, ಗಡ್ಡ, ಕಿವಿಯ ಮೇಲೆಲ್ಲ ಅರಳೆ. ಮೊಣಕಾಲು ಹಿಡಿದು ವರ್ಷವಾಗಿತ್ತು. ಯಾರು ಬಂದರೂ ಏಳುತ್ತಿರಲಿಲ್ಲ.

"ಬಾ ಬಾ ಅಂದಾನೆಪ್ಪಣ್ಣ. ಏ ಶಬಾನಾ, ಚಹಾ ಇಡವಾ. ಸುಳ್ಳಿನ ಸರದಾರ ಬಂದಾನ."

ಸುಭಾನಿಯ ಹೆಂಡತಿ ಶಬಾನಾ ಚಾಪೆ ಹಾಸಿದಳು. ಅನಘಾ ಬಂದ ಕೆಲಸವನ್ನು ನನಗೆ ಹೇಳಿದಂತೆಯೇ ಹೇಳಿದಳು. ಯಾರ ಪರವೂ ಅಲ್ಲ ಎಂಬ ಮಾತು ಬಂದಾಗ ಶಬಾನಾ ಲೋಟ ಕೊಡುತ್ತಿದ್ದ ಕೈ ಹಿಂದೆ ತೆಗೆದಳು.

"ನಮ್ಮ ಪರ ಅಲ್ಲಂದ್ರ ಇಷ್ಟ ದೂರ ಯಾಕ ಬಂದ್ರಿ ಅಕ್ಕಾರ?"

"ನಿಮ್ಮ ಪರ ಮಾತಾಡ್ಲಿಕ್ಕೆ ಅಲ್ಲಿ ಬ್ಯಾರೆ ವಕೀಲರದಾರವಾ, ಸತ್ತವರ ಮನಿಯವರಿಗಂತನ. ನಾನು ಬರಿಯೂದು ನಾಳೆ ಇನ್ನೊಂದು ಯುದ್ಧದಾಗ ಇನ್ಯಾರೋ ಡ್ರೈವರಗೂ ಉಪಯೋಗ ಆಗಬೇಕು. ಅದಕ್ಕ ಅದರಾಗ ಒಂದು ಸುಳ್ಳು ಸಿಕ್ಕರೂ ಮೂವತ್ತೂ ಪುಟ ಹೋದಂಗ."

ಶಬಾನಾ ಹಿಂದೆ ತೆಗೆದ ಕೈ ಮುಂದೆ ಮಾಡಿದಳು. ಲೋಟ ಕೊಟ್ಟಳು. "ನನಗ ಬ್ಯಾರೆ ಏನೂ ಬ್ಯಾಡ್ರಿ. ನಮ್ಮ ಮನಿಯವರು ಹಿಟ್ಟಿನ ಗಾಡಿ ಹೊಡಿತಿದ್ರು, ಯಾರನ್ನೂ ಹೊಡಿಲಿಕ್ಕೆ ಹೋಗಿರಲಿಲ್ಲ ಅಂತ ಆ ಕೋರ್ಟಿನಾಗ ಬರದು ಇರಬೇಕು. ನನ್ನ ಮಗಳು ಮುಂದೊಂದಿನ ಓದಬೇಕು."

"ಅಷ್ಟ ಯಾಕ ಬರಸ್ತಿ?" ಮೌಲಾಸಾಬ ಸೂಜಿ ನಿಲ್ಲಿಸಿದ. "ಅಂವ ಮಿಲಿಟರಿದಾಂವ ಅಂತ ಬರಸು. ಇಜ್ಜತ್ ಇರ್ತೈತಿ. ಅಕ್ಕಾರ, ಪುರಾವೆ ಐತ್ರಿ ನಮ್ಮ ಕಡೆ. ಅಲ್ಲಿ ನೋಡ್ರಿ, ಗ್ವಾಡಿ ಮ್ಯಾಲೆ."

ಮಗನ ಫೋಟೋದ ಪಕ್ಕದ ಮೊಳೆಗೆ ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದ ತೂಗುತ್ತಿತ್ತು. ಇಂಗ್ಲಿಷಿನಲ್ಲಿ ಬೆರಳಚ್ಚಾದ, ದುಂಡನೆಯ ಮೊಹರಿನ ಸಿಕ್ಕಾ ಹೊಡೆದ ಕಾಗದ. ಮೌಲಾಸಾಬನಿಗೆ ಓದಲು ಬರುವುದಿಲ್ಲ. ಅದರ ಮೇಲೆ ಕೂತ ಅರಳೆಯನ್ನು ಮಾತ್ರ ದಿನಾ ಒರೆಸುತ್ತಾನೆ.

ಅನಘಾ ಹತ್ತಿರ ಹೋಗಿ ಓದಿದಳು. ಓದಿದ್ದನ್ನು ಕನ್ನಡದಲ್ಲಿ ನಿಧಾನವಾಗಿ ಹೇಳಿದಳು.

"ಈತನು ಸೇನೆಯ ಭಾರೀ ವಾಹನಗಳನ್ನು ಹನ್ನೊಂದು ವರ್ಷ ಏಳು ತಿಂಗಳು ಚಲಾಯಿಸಿರುತ್ತಾನೆ."

ಶಬಾನಾ ಬೆರಳು ಮಡಚಿ ಲೆಕ್ಕ ಹಾಕಿದಳು. "ಹನ್ನೊಂದು ವರ್ಷಾ? ಅವರು ಹೋಗುಮುಂದ ಅವರಿಗೆ ಇಪ್ಪತ್ತೆಂಟು. ಅದಕ್ಕೂ ಮೊದಲು ನಾಕು ವರ್ಷ ರೋಣದ ಮಾರ್ಕೆಟ್ಟಿಗೆ ಟೆಂಪೋದಾಗ ಕಡ್ಲಿ ಒಯ್ತಿದ್ರು. ಅದಕ್ಕೂ ಮೊದಲು ಇಲ್ಲೇ ಮಾವಾರ ಜೋಡಿ ಅರಳಿ ಹಿಂಜತಿದ್ರು. ಮಿಲಿಟರಿಗೆ ಯಾವಾಗ ಹೋಗಿದ್ರು ಮಾವಾ?"

ಅನಘಾ ತಿರುಗಿದಳು. ನನ್ನನ್ನೇ ನೋಡಿದಳು. "ನಮ್ಮ ಅವ್ವನ ಪಿಂಚಣಿ ಅರ್ಜಿಯೊಳಗೂ ಹನ್ನೊಂದು ವರ್ಷ ಏಳು ತಿಂಗಳು ಅಂತ ಇತ್ತು ಕಾಕಾ. ಆಕಿ ಕೆಲಸ ಮಾಡಿದ್ದು ಒಂಬತ್ತ ವರ್ಷ. ಕಚೇರಿಯವರು ಎರಡು ಸಲ ಹೊಳ್ಳಿ ಕಳಿಸಿದ್ರು."

ಬಾಯಿಗೆ ಬಂದ ಮೊದಲ ಮಾತು ಸುಳ್ಳೇ. ರೋಣದಲ್ಲಿ ನನ್ನ ಹಾಗೆ ಬರೆಯುವವರು ಇನ್ನೂ ಮೂವರಿದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಮೌಲಾಸಾಬ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣುರೆಪ್ಪೆಯ ಮೇಲೊಂದು ಅರಳೆಯ ಎಳೆ ಅಲ್ಲಾಡುತ್ತಿತ್ತು.

"ಅಂದಾನೆಪ್ಪಣ್ಣ, ನೀನ ಹೇಳಿದ್ಯಲ್ಲೋ. ಅಂವ ಹೊಂಟ ದಿನ, ಬಸ್ ಸ್ಟ್ಯಾಂಡಿನಾಗ. ಮೌಲಾಸಾಬಣ್ಣ, ನಿನ್ನ ಮಗಾ ಇವತ್ತಿನಿಂದ ಮಿಲಿಟರಿ ಮನಶ್ಯಾ ಅಂತ. ನಾ ಊರೆಲ್ಲಾ ಹೇಳಕೋತ ಬಂದೀನಿ."

"ಅದನ್ನ ಬರದಾಂವ ನಾನ," ಎಂದೆ. "ಸಿಕ್ಕಾನೂ ನಾನ ಮಾಡಿಸಿದ್ದು. ಮಿಲಿಟರಿ ಅನುಭವ ಇದ್ದವರನ್ನ ಅಷ್ಟ ತಗೋತೀವಿ ಅಂದಿದ್ದ ಏಜಂಟ. ಸುಭಾನಿ ನನ್ನ ಟೇಬಲ್ಲಿನ ಮುಂದ ನಿಂತು, ಕಾಕಾ, ಟೆಂಪೋ ಅಂತನ ಬರೀರಿ, ಆದ್ರ ಆತು, ಬಿಟ್ಟರ ಬಿಟ್ಟೀತು ಅಂದ. ನಾನ ಕೇಳಲಿಲ್ಲ. ಹುಚ್ಚಾ, ಟೆಂಪೋ ಹೊಡಿಯೋನ್ನ ಯಾರ ಕರೀತಾರೋ ಅಂದೆ. ಕುಂತ ಕುಂತಲ್ಲೇ ಬರದು ಕೊಟ್ಟೆ."

ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ತಿರುಗಿಸಿ ಹೇಳಲು ನನ್ನ ಹತ್ತಿರ ಮಾತಿರುತ್ತಿತ್ತು.

ಶಬಾನಾ ಒಳಗೆ ಹೋಗಿ ಫೋನ್ ತಂದು ಅನಘಾಳ ಮುಂದೆ ಇಟ್ಟು ಒತ್ತಿದಳು. ಸತ್ತವನ ಧ್ವನಿ, ಹಿಂದೆ ಎಂಜಿನ್ನಿನ ಸದ್ದು. "ಶಬಾನಾ, ಇವತ್ತ ಹಿಟ್ಟಿನ ಚೀಲ ಒಂದು ಹರದಿತ್ತು. ಮಾರಿ ತುಂಬ ಹಿಟ್ಟ ಆಗೇತಿ. ಕನ್ನಡಿಯಾಗ ನೋಡಕೊಂಡ್ರ ಥೇಟ್ ಅಪ್ಪನಂಗ ಕಾಣಾಕತ್ತೀನಿ. ಇಲ್ಲಿ ಹುಡುಗ್ರು ಗಾಡಿ ಹಿಂದ ಓಡಿ ಬರ್ತಾವ. ನಿಲ್ಲಸಾಕ ಹುಕುಂ ಇಲ್ಲ. ಹಾರ್ನ್ ಹೊಡದು ಆಟಾ ಆಡಸ್ತೀನಿ." ಆಮೇಲೆ ನಗು. ಆಮೇಲೆ ಹಾರ್ನು, ಎರಡು ಸಲ.

"ಇದನ್ನ ಬರಕೋರಿ," ಎಂದಳು ಶಬಾನಾ.

ಅನಘಾ ಬರೆದುಕೊಂಡಳು. ನಂತರ ನನ್ನ ಕಡೆ ತಿರುಗಿ ತಗ್ಗಿದ ಧ್ವನಿಯಲ್ಲಿ ಹೇಳಿದಳು: "ಸರ್ಟಿಫಿಕೇಟ್ ಸುಳ್ಳು ಅನ್ನೂದು ಪುರಾವೆ ಮಾತು. ಅದನ್ನ ಮಿತ್ರರು ಕೊಡ್ಲಿಕ್ಕೆ ಬರೂದಿಲ್ಲ. ಬರದವರು ಸ್ವತಃ ಬರದು ಕೊಟ್ಟರ ಸತ್ತವರ ಮನಿಯವರ ವಕೀಲರಿಗೆ ಮುಟ್ಟಸ್ತೀನಿ. ಆದ್ರ ಸಹಿ ಮಾಡಿದ್ರ ನಿಮ್ಮ ಮ್ಯಾಲೆ ಇಲ್ಲಿ ಕೇಸ್ ಆಗಬಹುದು ಕಾಕಾ. ವಿಚಾರ ಮಾಡ್ರಿ."

ವಿಚಾರ ಮಾಡಲಿಲ್ಲ, ಮಾಡಿದ್ದರೆ ಬರೆಯುತ್ತಿರಲಿಲ್ಲ. ಗಾದಿಯ ಗಂಟಿನ ಮೇಲೆ ಅವಳ ಪುಸ್ತಕ ಇಟ್ಟುಕೊಂಡು ಬರೆದೆ. ನಲವತ್ತು ವರ್ಷದ ಕೈ ಅದು, ಎರಡು ಸಲ ತಪ್ಪಿತು. ಒಮ್ಮೆ 'ಅತ್ಯಂತ ನುರಿತ' ಎಂದು ಬರೆದು ಹೊಡೆದು ಹಾಕಿದೆ. ಇನ್ನೊಮ್ಮೆ 'ಏಳು ವರ್ಷ ಟೆಂಪೋ' ಎಂದು ಬರೆದಿದ್ದೆ.

"ನಾಕು ರೀ," ಎಂದಳು ಪಕ್ಕದಲ್ಲಿ ನಿಂತು ಓದುತ್ತಿದ್ದ ಶಬಾನಾ.

ನಾಲ್ಕು ಎಂದು ತಿದ್ದಿದೆ. ಸಹಿ ಮಾಡಿದೆ. ಒಂದೂವರೆ ಪುಟವಾಯಿತು.

ಇನ್ನು ಹೇಗ್ ಪಟ್ಟಣದ ಮಾತು. ಅಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಈ ಖಟ್ಲೆಗೆ ಕೂತವರೇ ಮೂವರಂತೆ. ಹದಿನೆಂಟು ನಾನು ತುಂಬಿದ್ದು. ಅವರು ನನ್ನ ಕಾಗದ ಓದಿದರೋ ಇಲ್ಲವೋ ಗೊತ್ತಿಲ್ಲ. ಮುಟ್ಟಿದೆ ಎಂದು ಆ ವಕೀಲರಿಂದ ಒಂದು ಸಾಲು ಬಂತೆಂದು ಅನಘಾ ಫೋನ್ ಮಾಡಿದ್ದಳು. ಅವಳ ಮೂವತ್ತು ಪುಟವೂ ಹೋಗಿದೆ. ಮೊದಲ ಪುಟದಲ್ಲಿ ಹಿಟ್ಟಿನ ಮುಖದ ಒಬ್ಬ ಚಾಲಕನಿದ್ದಾನಂತೆ. ತೀರ್ಪು ಇನ್ನೂ ಬಂದಿಲ್ಲ. ಪೊಲೀಸರು ನನ್ನನ್ನು ಒಂದು ಸಲ ಕರೆದು ಕೇಳಿದ್ದಾರೆ. ತಗಡಿನ ನೆರಳಿನಲ್ಲಿ ಈಗ ಬೇರೆಯವರ ಟೇಬಲ್ಲಿದೆ.

ಎದ್ದು ನಿಂತವನು ಒಬ್ಬನೇ. ನಾನು ಸಹಿ ಮಾಡಿ ಪೆನ್ನು ಮುಚ್ಚಿದ ಮೇಲೆ ಮೌಲಾಸಾಬ ಗೋಡೆ ಹಿಡಿದು, ಒಂದೊಂದೇ ಮೊಣಕಾಲು ಊರಿ ಎದ್ದ. ತೋಳು ಹಿಡಿಯಲು ಹೋದೆ. ನನ್ನ ಕೈಯನ್ನು ಸರಿಸಿದ. ಮೊಳೆಯಿಂದ ಕಾಗದ ತೆಗೆದು, ಅಂಗಿಯ ತುದಿಯಿಂದ ಅರಳೆ ಒರೆಸಿ, ನನ್ನ ಕೈಗೆ ಕೊಟ್ಟ.

ಈಗ ಆ ಮೊಳೆಗೆ ಸುಭಾನಿಯ ಕೆಂಪು ಟವೆಲ್ಲು ತೂಗುತ್ತದೆ, ಮೌಲಾಸಾಬ ನನ್ನನ್ನು ಮತ್ತೆ ಸುಳ್ಳಿನ ಸರದಾರ ಎಂದು ಕರೆದು ಚಹಾ ಕುಡಿಸಿದ ಎಂದು ಬರೆದು ಮುಗಿಸಬೇಕೆಂದಿದ್ದೆ. ಬರೆದೂ ಇದ್ದೆ. ಹೊಡೆದು ಹಾಕಿದ್ದೇನೆ. ಆಮೇಲೆ ನಾನು ಆ ಮನೆಗೆ ಹೋಗಿಲ್ಲ. ಬಸ್ಸಿಗೆ ಹೊರಟಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ್ದೆ. ಮೊಳೆ ಖಾಲಿ ಇತ್ತು. ಅದರ ಕೆಳಗೆ ಗೋಡೆಯ ಸುಣ್ಣ, ಒಂದು ಕಾಗದದಷ್ಟು ಅಗಲ, ಬೆಳ್ಳಗಿತ್ತು.