ಮೂರನೇ ಮಹಡಿಯ ಹಗ್ಗ

ಬರ್ಮಾದ ಯಾಂಗೋನಿನ ನಮ್ಮ ಓಣಿಯಲ್ಲಿ ಲಿಫ್ಟ್ ಇರುವ ಕಟ್ಟಡ ಒಂದೂ ಇಲ್ಲ. ಅದಕ್ಕೇ ಪ್ರತಿ ಬಾಲ್ಕನಿಯಿಂದ ಒಂದು ಹಗ್ಗ ರಸ್ತೆಯವರೆಗೆ ಇಳಿಬಿದ್ದಿರುತ್ತದೆ. ಮೇಲಿನ ತುದಿಗೆ ಗಂಟೆ, ಕೆಳಗಿನ ತುದಿಗೆ ಕ್ಲಿಪ್ಪು. ಬಂದವರು ಹಗ್ಗ ಜಗ್ಗುತ್ತಾರೆ, ನಾವು ಕೆಳಗಿನ ಕಬ್ಬಿಣದ ಗೇಟಿನ ಕೀಲಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಇಳಿಸುತ್ತೇವೆ. ಮೊಣಕಾಲು ನೋವಿರುವ ನನ್ನಂಥವಳಿಗೆ ಇದಕ್ಕಿಂತ ಸುಖ ಬೇರೆ ಇಲ್ಲ.

ಫೆಬ್ರವರಿಯಲ್ಲಿ ಸೈನ್ಯದವರು ಸರ್ಕಾರವನ್ನು ಜೈಲಿಗೆ ತಳ್ಳಿ ತಾವೇ ಕುರ್ಚಿ ಹಿಡಿದ ಮೇಲೆ ಕಟ್ಟಡದವರೆಲ್ಲ ಮೆಟ್ಟಿಲ ಮೇಲೆ ಕೂತು ಒಂದು ಕಟ್ಟಳೆ ಮಾಡಿಕೊಂಡೆವು. ಗಂಟೆ ಬಾರಿಸಿದರೆ ಬಾಲ್ಕನಿಯಿಂದ ಬಗ್ಗಬೇಕು, ಯಾರೆಂದು ಕೂಗಿ ಕೇಳಬೇಕು, ಮುಖ ನೋಡಬೇಕು, ಆಮೇಲೇ ಕೀಲಿ. ಏಕೆಂದರೆ ನಾಲ್ಕನೇ ಮಹಡಿಯ ಓನ್‌ಚಿಯ ಮಗ ಜೇಯಾ ನಮ್ಮಲ್ಲಿದ್ದ. ಓಣಿಯ ಬಾಯಿಗೆ ಮರಳಿನ ಚೀಲ ಪೇರಿಸಿ ಸೈನಿಕರ ಲಾರಿಗಳನ್ನು ತಡೆಯುತ್ತಿದ್ದ ಹುಡುಗರಿಗೆಲ್ಲ ಅವನೇ ಮುಂದಾಳು. ಅವನ ಫೋಟೋ ಪೊಲೀಸರ ಹತ್ತಿರ ಇದೆ ಎಂಬ ಸುದ್ದಿ ಬಂದಿತ್ತು.

ಮೂರನೇ ಮಹಡಿಯಲ್ಲಿ ಎದುರುಬದುರು ಎರಡು ಮನೆ. ಒಂದರಲ್ಲಿ ಕರೆಂಟ್ ಆಫೀಸಿನ ಗುಮಾಸ್ತ ಕೊ ವಿನ್. ಇನ್ನೊಂದರಲ್ಲಿ ಫಿಲಿಪೀನ್ಸಿನ ರೊವೆನಾ. ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾಳೆ, ಅದಕ್ಕೆ ಅವಳನ್ನು ಎಲ್ಲರೂ 'ಸಯಾಮಾ' ಅನ್ನುತ್ತೇವೆ, ಟೀಚರಮ್ಮ ಅಂತ. ಬಂದು ಎಂಟು ವರ್ಷವಾದರೂ ಅವಳ ಬರ್ಮಿ ಮಾತಿಗೆ ರಾಗ ಕೂಡಿರಲಿಲ್ಲ. ಅವಳು ಬಾಲ್ಕನಿಯಿಂದ ಮೀನಿನವಳನ್ನು ಕೂಗಿದರೆ ಓಣಿಯ ಮಕ್ಕಳೆಲ್ಲ ಹಾಗೇ ಎಳೆದೆಳೆದು ಕೂಗಿ ನಗುತ್ತಿದ್ದವು. ಮಕ್ಕಳಿಗೆ ಹಾಗೆ ಕೂಗುವುದನ್ನು ಕಲಿಸಿದವಳು ನಾನೇ. ಕ್ರಮೇಣ ಅವಳು ಕೂಗುವುದನ್ನೇ ಬಿಟ್ಟಳು. ಅದನ್ನು ನಾವ್ಯಾರೂ ಗಮನಿಸಲಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಸೆಕೆಗೆ ಎಲ್ಲರೂ ಒಳಗಿದ್ದೆವು. ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಾಗಿಲ ಸಂದಿಯಿಂದ ನೋಡಿದೆ. ಲುಂಗಿ ಉಟ್ಟ ಗಂಡಸರು ಮೇಲಕ್ಕೆ ಓಡಿದರು, ಒಬ್ಬನ ಸೊಂಟದಲ್ಲಿ ಪಿಸ್ತೂಲು. ಊಟದ ತಟ್ಟೆಯ ಮುಂದಿನಿಂದ ಜೇಯಾನನ್ನು ಎಬ್ಬಿಸಿ ಕುತ್ತಿಗೆ ಹಿಡಿದು ಇಳಿಸಿಕೊಂಡು ಹೋದರು. ಅವನ ಬಲಗೈಗೆ ಅನ್ನ ಅಂಟಿತ್ತು. ಓನ್‌ಚಿ ಬರಿಗಾಲಲ್ಲಿ ಕೆಳಗಿನವರೆಗೂ ಓಡಿದಳು. ವ್ಯಾನು ಹೊರಟುಹೋಗಿತ್ತು.

ಗೇಟಿನ ಬೀಗ ಮುರಿದಿರಲಿಲ್ಲ. ಕೀಲಿ ಹಾಕಿ ತೆಗೆದಿದ್ದರು. ಅಂದರೆ ನಮ್ಮಲ್ಲೇ ಯಾರೋ ಕೊಟ್ಟಿದ್ದಾರೆ.

"ಇನ್ಯಾರು?" ಎಂದ ಕೆಳಮನೆಯ ಟೈಲರ್. "ಸೈನ್ಯದ ವಿರುದ್ಧ ದೇಶಕ್ಕೆ ದೇಶವೇ ಕೆಲಸ ಬಿಟ್ಟು ಕೂತಿದೆ, ಈ ಕೊ ವಿನ್ ಒಬ್ಬ ಟಿಫಿನ್ ಡಬ್ಬಿ ಹಿಡ್ಕೊಂಡು ಆಫೀಸಿಗೆ ಹೋಗ್ತಾನೆ. ಯಾರ ಉಪ್ಪು ತಿಂತಾನೋ ಅವರ ಕೆಲಸ ಮಾಡಿದಾನೆ."

ಕೊ ವಿನ್ ಬುದ್ಧನ ಪಟದ ಮುಂದೆ ನಿಂತು ಆಣೆ ಮಾಡಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಚಹಾದಂಗಡಿಯವನು ಅವನಿಗೆ ಚಹಾ ಕೊಡುವುದನ್ನು ನಿಲ್ಲಿಸಿದ. ಅವನ ಬಾಗಿಲ ಮೇಲೆ ಯಾರೋ ಕೆಂಪು ಬಣ್ಣ ಎರಚಿದರು. ಹೆಂಡತಿ ತವರಿಗೆ ಹೋದಳು. ಪಕ್ಕದ ಬಡಾವಣೆಯಲ್ಲಿ ಇಂಥದೇ ಅನುಮಾನಕ್ಕೆ ಒಬ್ಬನನ್ನು ಚೂರಿಯಿಂದ ಇರಿದಿದ್ದರು. ನಮ್ಮ ಹುಡುಗರೂ ಹಲ್ಲು ಕಡಿಯುತ್ತ ಓಡಾಡುತ್ತಿದ್ದರು.

ರೊವೆನಾಳನ್ನು ಕರೆದೊಯ್ಯಲು ಅವಳ ದೇಶದ ವಿಮಾನ ಬರುತ್ತದೆ ಎಂದು ತಿಳಿಯಿತು. ಹೊರಡುವ ಹಿಂದಿನ ಸಂಜೆ ನಾವೆಲ್ಲ ಮೆಟ್ಟಿಲ ಮೇಲೆ ಸೇರಿದ್ದೆವು. ಓನ್‌ಚಿ ಅವಳಿಗೆಂದು ಒಣ ಸಿಗಡಿ, ಹುರಿದ ಬೆಳ್ಳುಳ್ಳಿ ಕಟ್ಟಿ ತಂದಿದ್ದಳು. ಮಗ ಜೈಲಿನಲ್ಲಿದ್ದಾನೆ, ಇವಳು ಪರದೇಶದವಳಿಗೆ ಬುತ್ತಿ ಕಟ್ಟುತ್ತಾಳೆ. ಅಂಥವಳು ಓನ್‌ಚಿ.

ರೊವೆನಾ ಪೊಟ್ಟಣ ತೆಗೆದುಕೊಳ್ಳಲಿಲ್ಲ. ಓನ್‌ಚಿಯ ಕಡೆ ತಿರುಗಿದಳು.

"ಅಕ್ಕಾ, ಕೀಲಿ ಬಿಟ್ಟಿದ್ದು ನಾನು. ಕೊ ವಿನ್ ಅಲ್ಲ. ನಾನು."

ರೊವೆನಾ ಅದೇ ಉಸಿರಲ್ಲಿ ಮುಂದುವರಿಸಿದಳು.

"ಗಂಟೆ ಹೊಡೀತು. ನೀರಿನ ಕ್ಯಾನಿನವನು ಅಂದ್ಕೊಂಡೆ. ನೋಡಲಿಲ್ಲ. ಇಳಿಸಿಬಿಟ್ಟೆ. ಹೋಗುವಾಗ ಅವರಲ್ಲೊಬ್ಬ ನನ್ನ ಬಾಗಿಲಿಗೆ ಬಂದು ಕೀಲಿ ವಾಪಸ್ ಕೊಟ್ಟ. ಬಲಗೈಗೆ ಎಡಗೈ ತಾಗಿಸಿ, ಮರ್ಯಾದೆಯಿಂದ. 'ಸಾರಿ ಮೇಡಂ' ಅಂದ. ನಾನು ತಗೊಂಡೆ."

"ಕೂಗಿ ಕೇಳ್ಬೇಕು ಅಂತ ಮಾತಾಗಿತ್ತಲ್ಲ?" ಓನ್‌ಚಿ ಮೆಲ್ಲಗೆ ಕೇಳಿದಳು. "ಯಾಕೆ ಕೂಗಲಿಲ್ಲ ನೀನು?"

"ನಗ್ತಾರೆ ಅಂತ."

ನನ್ನ ಮುಖಕ್ಕೆ ಬಿಸಿ ನೀರು ಎರಚಿದ ಹಾಗಾಯಿತು. ಆದರೆ ಟೈಲರ್ ಜೋರಾಗಿ ನಕ್ಕುಬಿಟ್ಟ.

"ನೋಡಿದ್ರಾ ಇವಳ ಮನಸ್ಸು! ಎದುರುಮನೆಯವನನ್ನ ಉಳಿಸೋಕೆ ತಪ್ಪು ತನ್ನ ತಲೆ ಮೇಲೆ ಹಾಕ್ಕೊಳ್ತಿದಾಳೆ. ನಾಳೆ ವಿಮಾನ ಹತ್ತೋಳಿಗೆ ಯಾರೇನು ಮಾಡೋಕಾಗತ್ತೆ? ಕೊ ವಿನ್ ಇವಳ ಕಾಲು ಹಿಡಿದಿರ್ತಾನೆ."

ಎಲ್ಲರಿಗೂ ಅದೇ ಸರಿ ಅನ್ನಿಸಿತು. ಓನ್‌ಚಿಯ ಕಣ್ಣು ತುಂಬಿತು. ರೊವೆನಾಳ ಕೆನ್ನೆ ಸವರಿದಳು.

"ನಿನ್ನಂಥ ಮನಸ್ಸು ನಮ್ಮವರಿಗೂ ಇಲ್ಲ, ಮಗಳೇ. ನಿನಗೆ ಪುಣ್ಯ ಬರಲಿ. ಅವನಿಗೋಸ್ಕರ ಮಾತ್ರ ಸುಳ್ಳು ಹೇಳ್ಬೇಡ."

"ಸುಳ್ಳಲ್ಲ ಅಕ್ಕಾ!"

"ಆಯ್ತು, ಆಯ್ತು." ಪೊಟ್ಟಣವನ್ನು ಅವಳ ಕೈಗೆ ತುರುಕಿದಳು.

ಅವಳು ಹೇಳಿದ್ದು ನಿಜವೆಂದು ನನಗೆ ಗೊತ್ತಾಗಿತ್ತು. ನಗುತ್ತಾರೆ ಎಂಬ ಮಾತನ್ನು ಯಾರೂ ಕಟ್ಟಿ ಹೇಳಲಾರರು. ಆದರೂ ಬಾಯಿ ಬಿಡಲಿಲ್ಲ ನಾನು. ಬಿಟ್ಟಿದ್ದರೆ ನಗಿಸಿದವರು ಯಾರೆಂಬ ಮಾತೂ ಬರುತ್ತಿತ್ತು. ಮೇಲೆ ಕೊ ವಿನ್ ತನ್ನ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ಹೊರಗೆ ಬರಲಿಲ್ಲ.

ಬೆಳಿಗ್ಗೆ ಟ್ಯಾಕ್ಸಿ ಬಂದು ಹಾರ್ನ್ ಹೊಡೆಯಿತು. ರೊವೆನಾ ಕೈಬೀಸಿಕೊಂಡು ಇಳಿದು ಬಂದಳು, ಹಿಂದೆ ಮುಂದೆ ಪೆಟ್ಟಿಗೆಯಿಲ್ಲ. ಡ್ರೈವರಿಗೆ ಏನೋ ಹೇಳಿದಳು. ಅವನು ಗೊಣಗುತ್ತ ಗಾಡಿ ತಿರುಗಿಸಿದ. ಮತ್ತೆ ವಿಮಾನ ಯಾವಾಗಲೋ, ಬರುತ್ತದೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಅವಳು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಹುಚ್ಚಾ ನಿನಗೆ?" ಅಂದೆ. "ನಮಗೇ ಇಲ್ಲಿಂದ ಹೋಗೋಕೆ ದಾರಿ ಇಲ್ಲ, ನಿನಗೆ ಇದ್ದದ್ದನ್ನ ಕಳ್ಕೊಂಡ್ಯಲ್ಲ!"

"ಹೋದರೆ ಯಾರೂ ನಂಬಲ್ಲ," ಅಂದಳು. "ಕೊ ವಿನ್ ಅವರನ್ನ ಕೊಲ್ತಾರೆ."

ಅಷ್ಟರಲ್ಲಿ ಓನ್‌ಚಿ ಜೈಲಿಗೆ ಒಯ್ಯುವ ಊಟದ ಕ್ಯಾರಿಯರ್ ಹಿಡಿದು ಇಳಿಯುತ್ತಿದ್ದಳು. ಜೈಲಿನವರು ಅದನ್ನು ಒಳಗೆ ತೆಗೆದುಕೊಂಡರೆ ಮಗ ಅಲ್ಲಿದ್ದಾನೆ, ಬದುಕಿದ್ದಾನೆ ಎಂದು ಲೆಕ್ಕ. ರೊವೆನಾಳನ್ನು ಕಂಡು ನಿಂತಳು.

"ಹೋಗಲಿಲ್ವಾ?"

"ನಾನು ಹೇಳಿದ್ದು ನಿಜ, ಅಕ್ಕಾ."

ಈ ಸಲ ನಾನು ಬಾಯಿಬಿಟ್ಟೆ. "ನಿಜ, ಓನ್‌ಚಿ," ಅಂದೆ. "ಕೂಗೋಕೆ ಅವಳಿಗೆ ನಾಚಿಕೆ. ಆ ನಾಚಿಕೆ ಹತ್ತಿಸಿದೋಳು ನಾನು."

ಓನ್‌ಚಿ ನನ್ನ ಕಡೆ ನೋಡಲಿಲ್ಲ. ರೊವೆನಾಳ ಮುಖವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ತುಟಿ ಬಿಳಿಚಿಕೊಂಡಿತು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಕ್ಯಾರಿಯರನ್ನು ಅಲ್ಲೇ ಇಟ್ಟು ತಿರುಗಿ ಮೆಟ್ಟಿಲು ಹತ್ತಿದಳು. ಕೆಂಪು ಬಣ್ಣ ಒಣಗಿದ್ದ ಬಾಗಿಲನ್ನು ತಟ್ಟುವುದು ನಮಗೆ ಕೆಳಗೆ ಕೇಳಿಸಿತು.

"ಕೊ ವಿನ್, ಊಟ ಆಯ್ತಾ?"

ಆಮೇಲೆ ಬೋಲ್ಟು ಸರಿಯಿತು, ಗಂಡಸಿನ ಅಳು ಕೇಳಿಸಿತು.

ಓನ್‌ಚಿ ಇಳಿದು ಬಂದು ಕ್ಯಾರಿಯರ್ ಎತ್ತಿಕೊಂಡಳು. ರೊವೆನಾ ಎದ್ದು ನಿಂತಿದ್ದಳು, ಬೈಗುಳವಾದರೂ ಬೀಳಲಿ ಎಂದು ಕಾಯುವವಳಂತೆ.

"ದಾರಿ ಬಿಡು," ಅಂದಳು ಓನ್‌ಚಿ. "ಅನ್ನ ತಣ್ಣಗಾಗತ್ತೆ."

ರೊವೆನಾ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು.