ಹಂಗಳದ ಹವಾಲ್ದಾರ್ ಕಾಲೇಜು ಸೇರಿದ್ದು

ಮಿಲಿಟರಿಯಿಂದ ನಿವೃತ್ತನಾಗಿ ಊರಿಗೆ ಬಂದವನಿಗೆ ನಮ್ಮ ಕಡೆ ಜನ ಕೇಳುವುದು ಎರಡೇ ಪ್ರಶ್ನೆ. ಕ್ಯಾಂಟೀನಿನ ಬಾಟಲಿ ತಂದಿದ್ದೀಯಾ ಅನ್ನುವುದು ಒಂದು. ಯಾವ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತೀಯಾ ಅನ್ನುವುದು ಇನ್ನೊಂದು. ಮೂರನೆಯ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ.

ಹಂಗಳದ ಶಿವರಾಮು ಹದಿನೇಳು ವರ್ಷ ಫಿರಂಗಿ ಪಡೆಯಲ್ಲಿದ್ದು ಹವಾಲ್ದಾರನಾಗಿ ಮನೆಗೆ ಬಂದಾಗಲೂ ಹಾಗೇ ಆಯಿತು. ಚಾಮರಾಜನಗರ ಬೇರೆ ಜಿಲ್ಲೆ ಆಗುತ್ತದಂತೆ ಎಂದು ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ಅದೇ ಮಾತಾಗಿದ್ದ ವರ್ಷ ಅದು. ಪಕ್ಕದ ಮನೆಯ ಚಿಕ್ಕಮಲ್ಲಪ್ಪ ಜಗುಲಿ ಹತ್ತಿ ಕೂತವನೇ ಗುಂಡ್ಲುಪೇಟೆಯ ಬ್ಯಾಂಕೊಂದರಲ್ಲಿ ಕಾವಲಿಗೆ ಜನ ಬೇಕಂತೆ ಎಂದು ಸುದ್ದಿ ಕೊಟ್ಟ. ಹೊಸ ಜಿಲ್ಲೆ ಆದರೆ ಬ್ಯಾಂಕುಗಳು ಹೆಚ್ಚುತ್ತವೆ, ಬ್ಯಾಂಕು ಹೆಚ್ಚಿದರೆ ಬಾಗಿಲು ಹೆಚ್ಚುತ್ತವೆ ಎಂದು ಅವನೇ ಲೆಕ್ಕವನ್ನೂ ಹಾಕಿಕೊಟ್ಟ. ಶಿವರಾಮು ಮಾತನ್ನು ಮಳೆ ಬೆಳೆಯ ಕಡೆ ತಿರುಗಿಸಿದ.

ಅವನ ಹೆಂಡತಿ ಕುಮಾರಿಗೆ ಬ್ಯಾಂಕಾದರೂ ಸರಿ, ಮತ್ತೊಂದಾದರೂ ಸರಿ. ಗಂಡ ಕಣ್ಣೆದುರಿಗೆ ಇದ್ದರೆ ಸಾಕಾಗಿತ್ತು. ಮದುವೆಯಾದಾಗಿನಿಂದ ಅವಳು ಅವನ ಜೊತೆ ಬಾಳಿದ್ದು ರಜೆಯ ಲೆಕ್ಕದಲ್ಲಿ. ಮಗಳು ಶಿವರಂಜಿನಿ ಹುಟ್ಟಿದಾಗ ಅವನು ರಾಜಸ್ಥಾನದ ಮರಳಿನಲ್ಲಿದ್ದ. ಮಗು ಮೊದಲ ಸಲ ಅಪ್ಪನನ್ನು ಕಂಡಾಗ ಹೆದರಿ ಅತ್ತಿತ್ತು. ಅವನ ಮಿಲಿಟರಿ ಟ್ರಂಕು ಈಗ ಮಂಚದ ಕೆಳಗೆ ಸೇರಿತ್ತು. ಅದನ್ನು ಅವಳು ಗೋಡೆಯವರೆಗೂ ತಳ್ಳಿಬಿಟ್ಟಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತ ಶಿವರಾಮು ತಾನು ಕಾಲೇಜಿಗೆ ಸೇರಬೇಕೆಂದು ಹೇಳಿದ. ಸೈನ್ಯದಲ್ಲಿ ಅವನ ಕೆಲಸ ಸರ್ವೆಯದು. ನಕ್ಷೆ ಓದುವುದು, ನೆಲ ಅಳೆಯುವುದು, ಹೊಸದಾಗಿ ಬಂದ ಹುಡುಗರಿಗೆ ಅದನ್ನು ಕಲಿಸುವುದು. ಕಲಿಸುತ್ತ ಕಲಿಸುತ್ತ ತನಗೂ ಓದುವ ಆಸೆ ಹುಟ್ಟಿ, ಉತ್ತರದ ಒಂದು ವಿಶ್ವವಿದ್ಯಾಲಯದಿಂದ ಅಂಚೆ ಮೂಲಕ ಬಿ.ಎ. ಮೊದಲನೇ ವರ್ಷ ಪಾಸು ಮಾಡಿದ್ದ. ಮೈಸೂರಿನಲ್ಲಿ ಭೂಗೋಳಕ್ಕೆ ಹೆಸರಾದ ಕಾಲೇಜೊಂದಿತ್ತು. ಅಲ್ಲಿ ಎರಡನೇ ವರ್ಷಕ್ಕೆ ಸೇರಿ, ಡಿಗ್ರಿ ಮುಗಿಸಿ, ಮುಂದೆ ಮೇಷ್ಟ್ರಾಗಬೇಕು. ಆದರೆ ಅಲ್ಲಿ ಹೊರಗಿನಿಂದ ಬಂದವರಿಗೆ ಸೀಟು ತೀರಾ ಕಡಿಮೆ, ಆರಿಸಿ ತೆಗೆದುಕೊಳ್ಳುತ್ತಾರೆ.

ತಾಯಿ ಸುಂದ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ಮೂವತ್ತಾರು ತುಂಬಿದವನು ಮಗಳ ಜೊತೆ ಬ್ಯಾಗು ನೇತುಹಾಕಿಕೊಂಡು ಹೋಗುವುದು ನೋಡಬೇಕು ಅಂದಳು. ಕುಮಾರಿ ನಗಲಿಲ್ಲ. ಅವಳಿಗೆ ಅಳು ಬಂದಿತ್ತು.

"ಮತ್ತೆ ಓಯ್ತೀರಾ?" ಅಂದಳು.

ಶಿವರಾಮು ಮೈಸೂರಿಗೆ ಹೋದ. ಇಸ್ತ್ರಿ ಮಾಡಿದ ಅಂಗಿ, ಮುಖ ಕಾಣುವ ಹಾಗೆ ಉಜ್ಜಿದ ಬೂಟು. ಸಂಜೆ ಬಸ್ಸಿಗೇ ವಾಪಸು ಬಂದು, ಆಗುವುದಿಲ್ಲವಂತೆ ಎಂದು ಹೇಳಿ ಬೂಟು ಬಿಚ್ಚಿದ. ಕಾಲೇಜಿನ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತರು ವಯಸ್ಸು ಮೀರಿದೆ, ಸಾಲದ್ದಕ್ಕೆ ಓದಿದ್ದು ಬೇರೆ ವಿಶ್ವವಿದ್ಯಾಲಯದಲ್ಲಿ, ಆಗಲ್ಲ ಅಂದರಂತೆ. ಕುಮಾರಿಗೆ ಒಳಗೊಳಗೇ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ಅವತ್ತು ಅವಳು ಪಾಯಸ ಮಾಡಿದಳು.

ಆ ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. ಒಂದು ಭಾನುವಾರ ಅವಳು ಹಿತ್ತಲಿನಿಂದ ಬರುವಾಗ ಅಂಗಳದಲ್ಲಿ ಗಂಡ ಕುಕ್ಕರಗಾಲಲ್ಲಿ ಕೂತಿದ್ದ. ಕಡ್ಡಿಯಿಂದ ಮಣ್ಣಿನ ಮೇಲೆ ಗೋಪಾಲಸ್ವಾಮಿ ಬೆಟ್ಟ ಬರೆದಿದ್ದ. ಒಂದರೊಳಗೊಂದು ಗೆರೆ. ಎಲ್ಲಿ ಗೆರೆ ಒತ್ತೊತ್ತಾಗಿದೆಯೋ ಅಲ್ಲಿ ಏರು ಹೆಚ್ಚು, ಎಲ್ಲಿ ದೂರ ದೂರ ಇದೆಯೋ ಅಲ್ಲಿ ದನ ಸಲೀಸಾಗಿ ಹತ್ತುತ್ತದೆ ಎಂದು ಮಗಳಿಗೆ ಹೇಳಿಕೊಡುತ್ತಿದ್ದ. ಪುಸ್ತಕ ಕಂಡರೆ ಮಾರುದೂರ ಓಡುವ ಶಿವರಂಜಿನಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಅಕ್ಕಪಕ್ಕದ ಮಕ್ಕಳೂ ಸೇರಿದ್ದರು. ಶಿವರಾಮುವಿನ ಮುಖ ಕುಮಾರಿ ಯಾವ ರಜೆಯಲ್ಲೂ ಕಾಣದ ಮುಖವಾಗಿತ್ತು.

ಅಷ್ಟರಲ್ಲಿ ಬೀದಿಯಲ್ಲಿ ಚಿಕ್ಕಮಲ್ಲಪ್ಪ ಬರುವುದು ಕಾಣಿಸಿತು. ಶಿವರಾಮು ಎದ್ದು ನಿಂತು ಬೆಟ್ಟವನ್ನು ಕಾಲಿನಿಂದ ಒರೆಸಿಬಿಟ್ಟ.

ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ ಗಂಡನನ್ನು ನೋಡಿ ತಾನು ಮಾಡಿದ ಪಾಯಸದ ಬಗ್ಗೆ ಕುಮಾರಿಗೆ ನಾಚಿಕೆಯಾಯಿತು. ಚಿಕ್ಕಮಲ್ಲಪ್ಪ ಹೋದ ಮೇಲೆ ಗಂಡನ ಪಕ್ಕ ಬಂದು ಕೂತಳು.

"ಆಗಲ್ಲ ಅಂದ್ರಲ್ಲ ಆ ಗುಮಾಸ್ತ್ರು, ಆಮ್ಯಾಕೆ ನೀವೇನ್ ಕೇಳುದ್ರಿ?"

"ಏನ್ ಕೇಳದು? ಆಗಲ್ಲ ಅಂದ್ರು. ಸರಿ ಸಾರ್ ಅಂದೆ, ತಿರುಗ್ಕಂಡು ಬಂದ್ಬುಟ್ಟೆ."

"ಯಾಕಾಗಲ್ಲ ಅಂತ ಕೇಳ್ನಿಲ್ವಾ?"

ಶಿವರಾಮು ಅವಳನ್ನು ವಿಚಿತ್ರವಾಗಿ ನೋಡಿದ. ಮೇಜಿನ ಆಚೆ ಕೂತವರು ಒಂದು ಮಾತು ಅಂದ ಮೇಲೆ ಯಾಕೆ ಅಂತ ಕೇಳುವುದುಂಟೇ? ಹದಿನೇಳು ವರ್ಷ ಅವನು ಹಾಗೆ ಕೇಳಿದವನಲ್ಲ. ನಡಿ ಅಂದರೆ ನಡೆಯುವುದು, ನಿಲ್ಲು ಅಂದರೆ ನಿಲ್ಲುವುದು, ಪಡೆಯಲ್ಲಿ ಅದೇ ಮರ್ಯಾದೆ.

ಕುಮಾರಿಗೆ ಆಗ ಎಲ್ಲ ಅರ್ಥವಾಯಿತು. ಅವಳು ಹದಿನಾಲ್ಕು ವರ್ಷ ಒಬ್ಬಳೇ ಸಂಸಾರ ತೂಗಿಸಿದವಳು. ಸೊಸೈಟಿಯವನು ಸೀಮೆಣ್ಣೆ ಇಲ್ಲ ಅಂದರೆ ಅವಳ ಪಾಲಿಗೆ ಅಲ್ಲಿಂದ ಮಾತು ಶುರುವಾಗುತ್ತಿತ್ತು. ಯಾಕಿಲ್ಲ, ಯಾವಾಗ ಬರುತ್ತದೆ, ಬೋರ್ಡಿನಲ್ಲಿ ಯಾಕೆ ಬರೆದಿಲ್ಲ ಎಂದು ಕೇಳಿ ಕೇಳಿ ಕ್ಯಾನು ತುಂಬಿಸಿಕೊಂಡೇ ಬರುತ್ತಿದ್ದಳು.

"ಅವ್ರು ಕೊಟ್ಟದ್ದು ಆರ್ಡರ್ ಅಲ್ಲ ಕಣ," ಅಂದಳು ಮೆಲ್ಲಗೆ. "ಕೇಳ್ದುದ್ಕೆ ಒಂದು ಉತ್ರ ಯೋಳವ್ರೆ, ಅಷ್ಟೆಯ. ಇನ್ನೊಂದ್ಸಲ ಕೇಳದ್ರಲ್ಲಿ ತಪ್ಪೇನದೆ?"

ಕುಮಾರಿಯ ತವರು ಸಂತೆಮರಹಳ್ಳಿ. ಅಲ್ಲಿ ದೊರೆಸ್ವಾಮಿ ಅಂತ ಒಬ್ಬರಿದ್ದರು. ಅವರೂ ಸೈನ್ಯದಿಂದ ಬಂದು, ಮೀಸೆ ನರೆಯುವ ಹೊತ್ತಿಗೆ ಕಾಲೇಜು ಸೇರಿ, ಈಗ ಹರವೆಯ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು. ಮುಂದಿನ ಸಂತೆಯ ದಿನ ಗಂಡ ಹೆಂಡತಿ ಬಸ್ಸು ಹತ್ತಿ, ಚಾಮರಾಜನಗರದಲ್ಲಿ ಬಸ್ಸು ಬದಲಿಸಿ, ಅವರ ಮನೆಯ ಬಾಗಿಲು ತಟ್ಟಿದರು. ಕತೆಯನ್ನೆಲ್ಲ ಕೇಳಿ ದೊರೆಸ್ವಾಮಿ ಮನಸಾರೆ ನಕ್ಕರು. ನಮ್ಮವರೆಲ್ಲ ಎಡವುವುದು ಅಲ್ಲೇ, ಗುಮಾಸ್ತನಿಗೂ ಸೆಲ್ಯೂಟ್ ಹೊಡೆದು ಬಂದುಬಿಡುತ್ತೇವೆ ಅಂದರು.

ಆಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ವಯಸ್ಸಿನ ನಿಯಮ, ಮಾಜಿ ಸೈನಿಕರ ಸೀಟಿನ ನಿಯಮ ಎಲ್ಲ ಕಡೆ ಒಂದೇ ಅಲ್ಲ, ಕಾಲೇಜಿನಿಂದ ಕಾಲೇಜಿಗೆ ಬೇರೆ. ಅದು ಕಾಲೇಜಿನ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ, ಅದನ್ನು ತರಿಸಿಕೊಂಡು ಮೊದಲು ಓದಬೇಕು. ಬೇರೆ ವಿಶ್ವವಿದ್ಯಾಲಯದಲ್ಲಿ ಓದಿದವರು ಅಲ್ಲಿಂದ ವಲಸೆ ಪತ್ರ ತರಬೇಕು, ಇಲ್ಲಿ ಅರ್ಹತಾ ಪತ್ರ ಪಡೆಯಬೇಕು. ಅವು ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಅದಕ್ಕೆ ಇವತ್ತೇ ಬರೆಯಬೇಕು. ಓದಲು ಹೋದರೆ ಪಿಂಚಣಿ ನಿಲ್ಲುತ್ತದೆ ಎಂದು ಊರಲ್ಲಿ ಜನ ಹೇಳುವುದು ಬರೀ ಸುಳ್ಳು. ಅನುಮಾನ ಇದ್ದರೆ ಸೈನಿಕ ಕಲ್ಯಾಣದ ಕಚೇರಿಗೆ ಹೋಗಿ ಕೇಳಬಹುದು, ಆ ಕಚೇರಿ ಇರುವುದೇ ಅದಕ್ಕೆ.

"ಅರ್ಜೀಲಿ ಏನಂತ ಬರ್ದಿದ್ದೆ?" ಎಂದು ಕೇಳಿದರು.

ಶಿವರಾಮು ಹೆಸರು, ರ್‍ಯಾಂಕು, ಸೇವೆ ಹದಿನೇಳು ವರ್ಷ ಎಂದು ಬರೆದಿದ್ದ, ಅಷ್ಟೇ.

"ಅದು ಸಾಲ್ದು ಕಣ್ಲಾ. ನೀನು ಏನ್ ಮಾಡ್ತಿದ್ದೆ ಅಂತ ಬರಿ. ನಕ್ಷೆ ಓದ್ತಿದ್ದೆ, ನೆಲ ಅಳಿತಿದ್ದೆ, ಹುಡುಗ್ರಿಗೆ ಕಲಿಸ್ತಿದ್ದೆ ಅಂತ ಬರಿ. ಆ ವರ್ಸಗಳು ಓದ್ನಿಂದ ಕಳೆದೋದ ವರ್ಸ ಅಲ್ಲ. ನೀನು ಓದಿದ್ದೇ ಅಲ್ಲಿ."

ಇನ್ನೊಂದು ಮಾತನ್ನೂ ಸೇರಿಸಿದರು. ಒಂದೇ ಕಾಲೇಜನ್ನು ನಂಬಿ ಕೂರಬಾರದು. ಕಷ್ಟದ ಕಾಲೇಜಿಗೊಂದು ಅರ್ಜಿ, ಖಾತ್ರಿಯಾಗಿ ಸಿಗುವ ಕಡೆಗೊಂದು ಅರ್ಜಿ ಹಾಕಬೇಕು. ಕಿಟಕಿಯಲ್ಲಿ ಆಗಲ್ಲ ಅಂದರೆ, ಯಾವ ನಿಯಮದಲ್ಲಿ ಇದೆ ತೋರಿಸಿ ಸಾರ್ ಎಂದು ವಿನಯವಾಗಿ ಕೇಳಬೇಕು. ಶಿವರಾಮು ಎಲ್ಲದಕ್ಕೂ ತಲೆಯಾಡಿಸಿದ. ಕೊನೆಯದಕ್ಕೆ ಮಾತ್ರ, ಅದೊಂದು ಬಿಟ್ಟು ಬೇರೆ ಏನಾದರೂ ಹೇಳಿ ಸಾರ್ ಅಂದ. ಶತ್ರುವಿನ ಗುಂಡಿಗೆ ಎದೆ ಕೊಟ್ಟವನು ಒಂದು ಪ್ರಶ್ನೆಗೆ ಹೆದರುವುದನ್ನು ನೋಡಿ ಕುಮಾರಿಗೆ ನಗುವೂ ಬಂತು, ಕನಿಕರವೂ ಬಂತು. ನಾನೂ ಜೊತೆಗೆ ಬರುತ್ತೇನೆ ಅಂದಳು.

ವಲಸೆ ಪತ್ರ, ಅರ್ಹತಾ ಪತ್ರ ಬಂದವು, ಬರೆದು ತರಿಸಿದ್ದ ಕೈಪಿಡಿ ಮಾತ್ರ ಇನ್ನೂ ಬಂದಿರಲಿಲ್ಲ. ಇಬ್ಬರೂ ಮೈಸೂರಿಗೆ ಹೋದರು. ಅದೇ ಕಿಟಕಿ, ಅದೇ ಗುಮಾಸ್ತರು. ಅವರ ಮುಂದೆ ಹುಡುಗರ ಸಾಲು ಬೆಳೆದಿತ್ತು. ಶಿವರಾಮುವಿನ ಸರದಿ ಬಂದಾಗ ಅವರು ಹುಟ್ಟಿದ ವರ್ಷ ನೋಡಿ, ತಲೆ ಎತ್ತದೆ ಕಾಗದ ವಾಪಸು ತಳ್ಳಿದರು.

"ಆಗಲ್ಲ ರೀ. ವಯಸ್ಸು ಮೀರಿದೆ."

ಶಿವರಾಮುವಿನ ಹಿಮ್ಮಡಿಗಳು ತಾವಾಗಿಯೇ ಒಂದಕ್ಕೊಂದು ಕೂಡಿದವು. ಸರಿ ಸಾರ್ ಅಂದ. ಹದಿನೇಳು ವರ್ಷದ ಅಭ್ಯಾಸ, ಮೈ ತಾನಾಗಿಯೇ ಹಿಂದಕ್ಕೆ ತಿರುಗಿತು. ತಿರುಗಿದರೆ ಅಲ್ಲಿ ಹೋಗಲು ಜಾಗವಿಲ್ಲ. ಬೆನ್ನಿಗೆ ಅಂಟಿದ ಹಾಗೆ ಕುಮಾರಿ ನಿಂತಿದ್ದಳು, ಸೊಸೈಟಿಯ ಸಾಲಿನಲ್ಲಿ ನಿಲ್ಲುವ ಹಾಗೆ, ಕಾಲು ಅಗಲಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ. ಅವಳು ಒಂದು ಮಾತೂ ಆಡಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವರಾಮು ಒಮ್ಮೆ ಉಸಿರು ಎಳೆದುಕೊಂಡು ಮತ್ತೆ ಕಿಟಕಿಯ ಕಡೆ ತಿರುಗಿದ.

"ಸಾರ್, ಯಾವ ನಿಯಮದಲ್ಲಿ ಅದೆ ಅಂತ ಸ್ವಲ್ಪ ತೋರಿಸ್ತೀರಾ?"

ಗುಮಾಸ್ತರು ಆಗ ತಲೆ ಎತ್ತಿ ನೋಡಿದರು. ಅವರೇನೂ ಕೆಟ್ಟವರಲ್ಲ. ಬೆಳಗಿನಿಂದ ನೂರು ಜನಕ್ಕೆ ಉತ್ತರ ಹೇಳಿ ಸುಸ್ತಾದವರು, ಅಷ್ಟೇ. ಕೈಪಿಡಿ ತೆಗೆದು ಬೆರಳಿಟ್ಟು ಓದುತ್ತ ಹೋದರು. ಆ ಕಾಲೇಜಿನ ವಯಸ್ಸಿನ ನಿಯಮ ಮೊದಲನೇ ವರ್ಷಕ್ಕೆ ಸೇರುವವರಿಗೆ ಮಾತ್ರವಿತ್ತು. ಎರಡನೇ ವರ್ಷಕ್ಕೆ ಬರುವವರಿಗೆ ವಯಸ್ಸಿನ ಸುದ್ದಿಯೇ ಇರಲಿಲ್ಲ. ಕೆಳಗೆ ಮಾಜಿ ಸೈನಿಕರಿಗೆ ಒಂದು ಸೀಟು ಅಂತಲೂ ಅಚ್ಚಾಗಿತ್ತು. ಈ ಸೀಟು ಕೇಳಿಕೊಂಡು ಯಾರೂ ಬಂದದ್ದೇ ಇಲ್ಲ, ಮರೆತೇ ಹೋಗಿತ್ತು ನೋಡಿ ಎಂದು ಅವರೇ ಅರ್ಜಿ ಇಸಿದುಕೊಂಡು ಮುದ್ರೆ ಒತ್ತಿದರು.

ಸೀಟು ಇದ್ದ ಮಾತ್ರಕ್ಕೆ ಸಿಕ್ಕಿತು ಅಂತಲ್ಲ. ಸಂದರ್ಶನವಿತ್ತು. ಭೂಗೋಳದ ಪ್ರಾಧ್ಯಾಪಕರು ಅರ್ಜಿ ಪೂರ್ತಿ ಓದಿ, ನಿಮ್ಮ ಅರ್ಧ ವಯಸ್ಸಿನ ಹುಡುಗರ ಜೊತೆ ಬೆಂಚಿನಲ್ಲಿ ಕೂರಬೇಕಲ್ಲ, ಆಗುತ್ತದೆಯೇ ಎಂದು ಕೇಳಿದರು. ಇಷ್ಟು ದಿನ ಅಂಥ ಹುಡುಗರ ಜೊತೆಯೇ ಇದ್ದೆ ಸಾರ್, ಮರಳುಗಾಡಿನಲ್ಲಿ ದಾರಿ ತಪ್ಪದ ಹಾಗೆ ಅವರಿಗೆ ನಕ್ಷೆ ಕಲಿಸಿದವನು ನಾನು ಎಂದ ಶಿವರಾಮು. ಅವರು ಬೇರೇನೂ ಕೇಳದೆ ನಕ್ಷೆಯ ಮಾತಿಗೇ ಇಳಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಕುಮಾರಿಗೆ ಒಳಗಿನಿಂದ ಗಂಡನ ದನಿ ಕೇಳುತ್ತಿತ್ತು. ಅಂಗಳದಲ್ಲಿ ಬೆಟ್ಟ ಬರೆದಾಗಿನ ದನಿ ಅದು.

ಖಾತ್ರಿಯ ಕಾಲೇಜಿನ ಉತ್ತರ ಮೊದಲು ಬಂತು. ಆಮೇಲೆ ಮೈಸೂರಿನ ಆ ದೊಡ್ಡ ಕಾಲೇಜಿನದೂ ಬಂತು. ಸೀಟು ಸಿಕ್ಕಿತ್ತು. ಸುಂದ್ರಮ್ಮ ಬೀದಿ ಬೀದಿ ತಿರುಗಿ ನನ್ನ ಮಗ ಕಾಲೇಜಿಗೆ ಸೇರ್ಕಂಡ ಕಣಮ್ಮಿ ಎಂದು ಹೇಳಿಕೊಂಡು ಬಂದಳು. ನಕ್ಕದ್ದು ತಾನೇ ಅನ್ನುವುದು ಅವಳಿಗೆ ಮರೆತುಹೋಗಿತ್ತು.

ಸೋಮವಾರ ಬೆಳಿಗ್ಗೆ ಮೈಸೂರಿನ ಬಸ್ಸಿಗೆ ಕುಮಾರಿ ಗಂಡನ ಜೊತೆ ಬಂದಳು. ಹಿಂದೆಲ್ಲ ಅವಳು ಬಸ್‌ಸ್ಟ್ಯಾಂಡಿಗೆ ಬರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, ಮತ್ತೆ ಯಾವಾಗ ಅಂತ ಕೇಳುತ್ತಿದ್ದಳು. ಅವನು ರಜೆ ಕೊಟ್ಟಾಗ ಅನ್ನುತ್ತಿದ್ದ. ಈ ಸಲ ಟ್ರಂಕು ಮಂಚದ ಕೆಳಗೇ ಇತ್ತು. ಅವನ ಕೈಯಲ್ಲಿ ಒಂದು ಬಟ್ಟೆಯ ಚೀಲ, ಒಂದು ಬುತ್ತಿ.

"ಮತ್ಯಾವಾಗ?" ಎಂದು ಕೇಳಿದಳು, ರೂಢಿಯಂತೆ.

"ಶನಿವಾರ," ಅಂದ ಶಿವರಾಮು.

ಬರುವ ದಿನ ಇದೇ ಅಂತ ಅವನು ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಬಸ್ಸು ಹೋದ ಮೇಲೂ ಕುಮಾರಿ ನಗುತ್ತಲೇ ನಿಂತಿದ್ದಳು.

ಓದುಗರೇ, ನಿಮ್ಮ ಮನೆಯಲ್ಲೂ, ನಿಮ್ಮ ಬೀದಿಯಲ್ಲೂ ಸೈನ್ಯದಿಂದ ಬಂದವರು ಇರಬಹುದು. ಓದು ಅರ್ಧಕ್ಕೆ ಬಿಟ್ಟವರು, ವಯಸ್ಸಾಯಿತೆಂದು ಸುಮ್ಮನಾದವರು ಇರಬಹುದು. ಅವರಿಗೆ ಮೂರನೆಯ ಪ್ರಶ್ನೆಯನ್ನು ನೀವು ಕೇಳಿ: ಮುಂದೆ ಏನು ಓದುತ್ತೀಯಾ? ಕಾಲೇಜಿನ ಕೈಪಿಡಿ ತರಿಸಿ, ಪತ್ರಗಳಿಗೆ ಬೇಗ ಬರೆಯಿರಿ, ದುಡಿದ ವರ್ಷಗಳನ್ನು ಮುಚ್ಚಿಡದೆ ಅರ್ಜಿಯಲ್ಲಿ ಬರೆಯಿರಿ. ಆಗಲ್ಲ ಅಂದರೆ ಯಾಕೆ ಅಂತ ಕೇಳಿ. ಕೇಳುವ ಧೈರ್ಯ ಅವರಿಗೆ ಸಾಲದಿದ್ದರೆ ನೀವೂ ಜೊತೆಗೆ ಹೋಗಿ. ಮಾತಾಡುವುದೇನೂ ಬೇಡ, ಅವರು ತಿರುಗಿ ಬರದ ಹಾಗೆ ಬೆನ್ನ ಹಿಂದೆ ನಿಂತುಕೊಳ್ಳಿ.