ಹೆಡ್‌ಫೋನಿನಲ್ಲಿ ಮಾತ್ರ ಕೇಳಿದ ದನಿ

ಅಮ್ಮನ ದನಿಗೆ ಇನ್ನು ಉಳಿದಿದ್ದು ಒಂದೇ ಹಗಲು. ನಾಳೆ ಆಸ್ಪತ್ರೆಯಲ್ಲಿ ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಮೊದಲೇ ಒಂದಷ್ಟು ವಾಕ್ಯ ಓದಿಸಿ ರೆಕಾರ್ಡ್ ಮಾಡಿಕೊಟ್ಟರೆ, ಮುಂದೆ ಅವಳು ಟೈಪ್ ಮಾಡಿದ್ದನ್ನು ಯಂತ್ರ ಅವಳದೇ ದನಿಯಲ್ಲಿ ಹೇಳುತ್ತದೆ ಎಂದಿದ್ದರು ಡಾಕ್ಟರು. ಬಸ್ ಕಂಡಕ್ಟರಾಗಿ ಬದುಕಿಡೀ ಹಿಂದಿನ ಸೀಟಿಗೂ ಕೇಳುವಂತೆ ಕೂಗಿದವಳು ಇನ್ಯಾರದೋ ದನಿಯಲ್ಲಿ ಮಾತಾಡುವುದೇ? ಮಗಳಿಗೆ ಅದನ್ನು ನೆನೆಯಲೂ ಆಗುತ್ತಿರಲಿಲ್ಲ.

ಆ ಕೆಲಸವನ್ನು ಅಣ್ಣ ತಾನೇ ಮೈಮೇಲೆ ಎಳೆದುಕೊಂಡಿದ್ದ. ಗೆಳೆಯನ ಹತ್ತಿರ ಒಂದು ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಡಬ್ಬಿ ತಂದಿದ್ದೇ ತಂದಿದ್ದು, ಮನೆಯಲ್ಲಿ ಅವನದೇ ದರ್ಬಾರು. ಫ್ಯಾನು ಬಂದ್, ಫ್ರಿಜ್ಜು ಬಂದ್, ಯಾರೂ ಕೆಮ್ಮುವಂತಿಲ್ಲ. ಅಮ್ಮ ಬಿಸಿನೀರು ಗುಟುಕರಿಸುತ್ತ ವಾರವೆಲ್ಲ ಓದಿದಳು. ಅಣ್ಣ ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ ತಲೆದೂಗಿದ.

"ಅಣ್ಣ, ರೆಕಾರ್ಡ್ ಆಗಿದ್ದನ್ನ ಒಂದ್ಸಲ ಹಾಕಿ ಕೇಳೋಣ" ಎಂದು ಅವಳು ಎಷ್ಟೋ ಸಲ ಅಂದಿದ್ದಳು.

"ನಾನೀಗ ಕೇಳ್ತಾ ಇರೋದು ಮತ್ತೇನು? ಬೆಣ್ಣೆ ಥರ ಇದೆ. ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕ್ಬೇಡ."

ಈ ಮಧ್ಯಾಹ್ನ ರೆಕಾರ್ಡಿಂಗುಗಳನ್ನು ಆಸ್ಪತ್ರೆಗೆ ಕಳಿಸುವ ಮೊದಲು ಅವಳು ಒಂದನ್ನು ತೆರೆದಳು. ಮೊದಲು ಕುರ್ಚಿ ಕಿರುಗುಟ್ಟಿತು. ಆಮೇಲೆ ಬಿಸ್ಕತ್ತು ಕಡಿಯುವ ಸದ್ದು. ಆಮೇಲೆ ಅಣ್ಣನ ದನಿ, ಢಾಣಾಡಂಗುರವಾಗಿ: "ಅಮ್ಮಾ, ಸ್ವಲ್ಪ ಭಾವ ತುಂಬಿ ಓದು." ಅಮ್ಮನ ದನಿಯೋ, ಬಾವಿಯ ತಳದಿಂದ ಬಂದ ಹಾಗಿತ್ತು. ಎಲ್ಲ ರೆಕಾರ್ಡಿಂಗುಗಳದ್ದೂ ಅದೇ ಕಥೆ.

ಸೆಟ್ಟಿಂಗ್ಸ್ ತೆಗೆದು ನೋಡಿದಳು. ಡಬ್ಬಿಯ ಮೇಲಿನ ಒಂದು ಗುಂಡಿ, ಮೈಕಿನ ಸದ್ದನ್ನು ಕಂಪ್ಯೂಟರಿನ ಗೊಡವೆಯೇ ಇಲ್ಲದೆ ನೇರ ಹೆಡ್‌ಫೋನಿಗೆ ಕಳಿಸುತ್ತಿತ್ತು. ಮಹಾರಾಯ ಕೇಳಿ ತಲೆದೂಗಿದ್ದು ಅದನ್ನು. ಕಂಪ್ಯೂಟರಿಗೆ ಮಾತ್ರ 'ಈ ಡಬ್ಬಿಯಿಂದ ದನಿ ತಗೋ' ಎಂದು ಯಾರೂ ಹೇಳಿರಲೇ ಇಲ್ಲ. ಅದು ತನ್ನದೇ ಸೂಜಿತೂತಿನಂಥ ಮೈಕಿನಲ್ಲಿ, ಪಕ್ಕದಲ್ಲಿದ್ದ ಬಿಸ್ಕತ್ತಿನ ತಟ್ಟೆಯನ್ನು ವಾರವೆಲ್ಲ ಭಕ್ತಿಯಿಂದ ಕೇಳಿಸಿಕೊಂಡಿತ್ತು.

ಅವಳ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲದಿರುವುದು ತಪ್ಪಲ್ಲ, ಕೇಳಿ ನೋಡೋಣ ಎಂದವಳ ಬಾಯಿ ಮುಚ್ಚಿಸಿದ್ದು ತಪ್ಪು.

"ಒಂದೇ ಒಂದ್ಸಲ ಹಾಕಿ ಕೇಳಿದ್ರೆ ನಿನ್ನ ಗಂಟೇನಾದ್ರೂ ಹೋಗ್ತಿತ್ತಾ?"

"ಈ ಕಂಪ್ಯೂಟರೇ ಸರಿ ಇಲ್ಲ" ಎಂದ ಅಣ್ಣ. ಕುಣಿಯಲಾರದವರಿಗೆ ನೆಲ ಯಾವಾಗಲೂ ಡೊಂಕೇ.

ಅವಳು ಕುರ್ಚಿಯಿಂದ ಅವನನ್ನು ಎಬ್ಬಿಸಿದಳು. ಸೆಟ್ಟಿಂಗ್ಸಿನಲ್ಲಿ ಡಬ್ಬಿಯನ್ನು ಆರಿಸಿದಳು. ಆ ಗುಂಡಿಯನ್ನು ಬಂದ್ ಮಾಡಿ, ಕಂಪ್ಯೂಟರು ಹಿಡಿದಿದ್ದಷ್ಟೇ ಕಿವಿಗೆ ಬರುವಂತೆ ಮಾಡಿಕೊಂಡಳು. ದನಿ ಹೆಚ್ಚಿಸುವ ತಿರುಗಣೆಯನ್ನು ಕೆಂಪು ದೀಪ ಹತ್ತುವವರೆಗೂ ತಿರುಗಿಸಿ, ಹಸಿರಿಗೆ ಹಿಂದೆ ತಂದಳು. ರೆಕಾರ್ಡ್ ಒತ್ತಿದಳು.

"ಅಮ್ಮ, ಆದಷ್ಟು ಮತ್ತೆ ಓದ್ತೀಯಾ?" ಎಂದು ಹಾಳೆಯನ್ನು ಅವಳ ಮುಂದಿಟ್ಟಳು.

ಅಮ್ಮ ಆಸ್ಪತ್ರೆಯವರು ಕೊಟ್ಟ ವಾಕ್ಯಗಳ ಮೇಲೆ ಕಣ್ಣಾಡಿಸಿದಳು. 'ದಯವಿಟ್ಟು ನೀರು ಕೊಡಿ.' 'ನಿಮಗೆ ತುಂಬಾ ಧನ್ಯವಾದಗಳು.' ಹಾಳೆಯನ್ನು ಅತ್ತ ಸರಿಸಿದಳು.

"ಹೆತ್ತ ಮಕ್ಕಳಿಗೆ ಯಾವತ್ತಾದ್ರೂ ದಯವಿಟ್ಟು ಅಂದಿದ್ದೀನಾ ನಾನು?" ಎಂದವಳೇ ಮಗನತ್ತ ತಿರುಗಿದಳು. "ಏನೋ, ಎಲ್ಲಾ ಬಲ್ಲವನೇ! ಗೊತ್ತಿಲ್ಲ ಅನ್ನೋಕೆ ನಿಂಗೆ ನಾಲಿಗೆ ಸವೆಯುತ್ತಾ? ಚಿಕ್ಕವಳು ಹೇಳಿದ್ರೆ ಕೇಳಬಾರ್ದು ಅಂತ ಯಾರು ಕಲಿಸಿದ್ರು? ನನ್ನ ಗಂಟಲು ಹರಿಯೋ ಹಾಗೆ ಓದಿಸಿ, ನೀನು ಮೆಲ್ಲೋ ಸದ್ದು ತುಂಬಿಟ್ಟಿದ್ದೀಯಲ್ಲ, ಆ ಯಂತ್ರ ನಾಳೆ ನನ್ನ ಹೆಸರಲ್ಲಿ ಕರುಂಕುರುಂ ಅನ್ಬೇಕಾ?"

ದನಿ ಅಲ್ಲಲ್ಲಿ ಒಡೆಯಿತು. ನೀರು ಕುಡಿದು ಮತ್ತೆ ಶುರುಮಾಡಿದಳು. ಅವನ ಸೋಮಾರಿತನ, ಅವನ ಬಡಾಯಿ, ಅವನು ಊಟ ಬಿಟ್ಟು ಸಣ್ಣಗಾಗಿರುವುದು, ಯಾವುದನ್ನೂ ಬಿಡಲಿಲ್ಲ. ಅಣ್ಣ ತಲೆ ತಗ್ಗಿಸಿ ನಿಂತು ಕಣ್ಣೊರೆಸಿಕೊಂಡ. ಮಗಳು ಉಸಿರು ಬಿಗಿಹಿಡಿದು ಹೆಡ್‌ಫೋನು ಒತ್ತಿಕೊಂಡಿದ್ದಳು.

"ಬಂತಾ?" ಕೊನೆಗೆ ಅಮ್ಮ ಕೇಳಿದಳು.

"ಒಂದಕ್ಷರ ಬಿಡದೆ ಬಂತಮ್ಮ."

"ಸರಿ, ಈಗ ನೀನು ಬಾ. ನಿನ್ನನ್ನೂ ಬಯ್ದಿಡ್ತೀನಿ."

"ನಾನೇನು ಮಾಡಿದೆ?"

"ಇನ್ನೂ ಏನೂ ಮಾಡಿಲ್ಲ. ಮುಂದೆ ಮಾಡ್ತೀಯಲ್ಲ, ಆಗ ನಂಗೆ ದನಿ ಎಲ್ಲಿರುತ್ತೆ? ಕೂತ್ಕೋ."